ಕೆಂಪು ನೀಲಿ ದೀಪದವನು

ಅವನ ಗಾಡಿ ಈಗಲೂ ಅವನ ಮನೆ ಮುಂದೆಯೇ ನಿಂತಿದೆ. ಚಕ್ರದ ಗಾಳಿ ಇಳಿದು ನೆಲ ಕಚ್ಚಿದೆ, ಅಡಿಯಲ್ಲಿ ನಾಯಿ ಮರಿ ಹಾಕಿದೆ. ಮೇಲಿನ ದೀಪಕ್ಕೆ ಮಾತ್ರ ಅವನ ಹೆಂಡತಿ ಗೊಬ್ಬರದ ಚೀಲ ಹೊದಿಸಿ ಹಗ್ಗ ಬಿಗಿದಿದ್ದಾಳೆ. ಮಳೆಗೆ ಕೆಡಬಾರದಂತೆ. ನಾನು ದಿನಾ ಬೆಳಿಗ್ಗೆ ರೊಟ್ಟಿ ಬುಟ್ಟಿ ಹೊತ್ತು ಅದರ ಮುಂದೆಯೇ ಹಾಯ್ದು ಮಸ್ಕಿಯ ಬಸ್ಸು ಹಿಡಿಯುತ್ತೇನೆ. ನೋಡಬಾರದು ಅಂದುಕೊಳ್ಳುತ್ತೇನೆ. ಕಣ್ಣು ಹೋಗುತ್ತದೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಡುವವರು ಬೇಕಾದಷ್ಟು ಮಂದಿ ಇದ್ದಾರೆ, ಆಡಲಿ. ಅವನು ಸತ್ತ ಮೇಲೆ ಊರ ಬಾಗಿಲಲ್ಲಿ ಬ್ಯಾನರು ಕಟ್ಟಿದರು. ಅದರಲ್ಲಿ ಅವನು ಕೈ ಮುಗಿದು ನಿಂತಿದ್ದಾನೆ, ಹಿಂದೆ ಗಾಡಿ, ಗಾಡಿ ಮೇಲೆ ದೀಪ. ಕೆಳಗೆ ‘ರೈತರ ಬಂಧು’ ಎಂದು ಬರೆಸಿದ್ದಾರೆ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಓದಿದ ದಿನ ನನಗೆ ಊಟ ಸೇರಲಿಲ್ಲ. ಅದಕ್ಕೇ ಇದನ್ನು ಹೇಳಿ ಬರೆಸುತ್ತಿದ್ದೇನೆ. ಹೆಸರು ಬರೆಸುವುದಿಲ್ಲ. ಅವನ ಮಕ್ಕಳು ಇನ್ನೂ ಶಾಲೆಗೆ ಹೋಗುವಂಥವು, ಅವು ಯಾರಿಗೂ ಏನೂ ಮಾಡಿಲ್ಲ.

ಅವನ ಮನೆಗೂ ನನ್ನ ಮನೆಗೂ ನಡುವೆ ಒಂದು ಹಿತ್ತಲು. ಅವನ ತಾಯಿಯೂ ನಾನೂ ಕೂಡಿ ಕಳೆ ಕೀಳಲು ಹೋದವರು. ಹುಡುಗನಾಗಿದ್ದಾಗ ಅವನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಕೆಟ್ಟವನೂ ಅಲ್ಲ, ಒಳ್ಳೆಯವನೂ ಅಲ್ಲ. ಗಾಡಿ ಹೊಡೆಯುವುದು ಕಲಿತ. ಲಿಂಗಸುಗೂರಿನಲ್ಲಿ ಒಬ್ಬ ದೊಡ್ಡ ಸಾಹೇಬರ ಗಾಡಿಗೆ ಡ್ರೈವರ್ ಆದ. ಖಾಯಂ ನೌಕರಿಯಲ್ಲ, ಗುತ್ತಿಗೆಯದು. ಆದರೂ ಆ ಗಾಡಿಗೆ ಮೇಲೆ ಕೆಂಪು ದೀಪ ಇತ್ತು. ಅದು ಊರೊಳಗೆ ಬಂದರೆ ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ನಿಲ್ಲುತ್ತಿದ್ದರು. ಸಾಹೇಬರು ಒಳಗೆ ಇಲ್ಲದಾಗಲೂ ಎದ್ದು ನಿಲ್ಲುತ್ತಿದ್ದರು. ಆ ರುಚಿ ಅವನ ನಾಲಿಗೆಗೆ ಹತ್ತಿದ್ದು ಆಗಲೇ.

ಮದುವೆ ಮನೆಗಳಲ್ಲಿ ಸಾಹೇಬರು ಒಳಗೆ ಎಲೆಯ ಮುಂದೆ ಕೂತರೆ ಅವನಿಗೆ ಹೊರಗೆ ಬೇವಿನ ಗಿಡದ ಕೆಳಗೆ ತಟ್ಟೆ ಕೊಡುತ್ತಿದ್ದರು. ನಿಂತುಕೊಂಡೇ ಉಣ್ಣುತ್ತಿದ್ದ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ಓದಿ ಪಾಪ ಎನ್ನುವವರು ಎನ್ನಲಿ. ನಾನೂ ಎಷ್ಟೋ ಮನೆಗಳ ಹೊರಗೆ ಕೂತು ಉಂಡವಳೇ. ತಲೆಯ ಮೇಲೆ ದೀಪ ಹಚ್ಚಿಕೊಂಡು ತಿರುಗಲಿಲ್ಲ.

ಮುಂದೆ ಸರ್ಕಾರವೇ ಸಾಹೇಬರ ಗಾಡಿಗಳ ಮೇಲಿನ ದೀಪ ಇಳಿಸಬೇಕು ಎಂದಿತು. ಸಾಹೇಬರ ದೀಪ ಇಳಿಯಿತು. ಅದಾದ ಸ್ವಲ್ಪ ದಿನಕ್ಕೆ ಇವನ ಗುತ್ತಿಗೆಯೂ ಮುಗಿಯಿತು. ಊರಿಗೆ ಬಂದವನು ಹಳೆಯ ಬಿಳಿ ಜೀಪೊಂದನ್ನು ಹಿಡಿದ. ಸಿಂಧನೂರಿಗೆ ಹೋಗಿ ಗಾಡಿ ಸಾಮಾನಿನ ಅಂಗಡಿಯಿಂದ ಮೊಳದುದ್ದದ ದೀಪ ತಂದು ಮೇಲೆ ಕೂರಿಸಿದ. ಒಂದು ಕಡೆ ಕೆಂಪು, ಒಂದು ಕಡೆ ನೀಲಿ, ಥೇಟು ಪೊಲೀಸರ ಗಾಡಿಯದು. ಕುಂಯ್ ಕುಂಯ್ ಎನ್ನುವ ಪೀಪಿಯೂ ಜೊತೆಗೆ ಬಂತು. ಅಂಗಡಿಯವನು ಕೇಳಲಿಲ್ಲವಂತೆ, ನೀನು ಯಾರು, ಇದು ನಿನಗೆ ಯಾಕೆ ಎಂದು. ಕೇಳಿದವರಿಗೆಲ್ಲ ಕೊಡುತ್ತಾರಂತೆ. ಟೊಮೆಟೊ ಮಾರಿದ ಹಾಗೆ.

ದೀಪದ ಕೆಳಗೆ ಅಯಸ್ಕಾಂತ ಇತ್ತು. ತಗಡಿನ ಮೇಲೆ ಇಟ್ಟರೆ ಕಚ್ಚಿಕೊಳ್ಳುತ್ತಿತ್ತು, ಎಳೆದರೆ ಬರುತ್ತಿತ್ತು. ಲಿಂಗಸುಗೂರಿನ ದೊಡ್ಡ ಪೊಲೀಸ್ ಚೌಕಿ ಹತ್ತಿರ ಬಂದರೆ ಕಿಟಕಿಯಿಂದ ಕೈ ಹೊರಗೆ ಹಾಕಿ ದೀಪ ಇಳಿಸಿ ಸೀಟಿನ ಕೆಳಗೆ ತೂರುತ್ತಿದ್ದ, ಗುಡಿಗೆ ಹೋಗುವವರು ಚಪ್ಪಲಿ ಬಿಟ್ಟ ಹಾಗೆ. ಊರು ದಾಟಿದ ಮೇಲೆ ಮತ್ತೆ ಏರಿಸುತ್ತಿದ್ದ. ಒಂದು ಸಲ ಇಳಿಸಲು ಮರೆತ. ಬಸ್‌ಸ್ಟ್ಯಾಂಡಿನ ಮುಂದೆ ನಿಂತಿದ್ದ ಎಳೆಯ ಪೊಲೀಸಪ್ಪನೊಬ್ಬ ಗಾಡಿ ನೋಡಿ ನೆಟ್ಟಗೆ ನಿಂತು ಸಲಾಂ ಹೊಡೆದ. ನಾನು ಬಸ್ಸಿನ ಕಿಟಕಿಯಲ್ಲಿದ್ದೆ. ಇವನು ಎರಡು ಬೆರಳು ಹಣೆಗೆ ಮುಟ್ಟಿಸಿ ಸಲಾಂ ತೆಗೆದುಕೊಂಡು ಹೋದ. ಅವನ ಮುಖ ನೋಡಬೇಕಿತ್ತು. ಎಳೆಗೂಸು ಹಾಲು ಕುಡಿದು ತೇಗಿದ ಹಾಗಿತ್ತು. ಅವತ್ತಿನಿಂದ ಚೌಕಿಯ ಹತ್ತಿರವೂ ದೀಪ ಇಳಿಸುವುದು ಬಿಟ್ಟ.

ಮಸ್ಕಿ ಬಸ್‌ಸ್ಟ್ಯಾಂಡಿನ ಹೊರಗೆ ನಾನು ರೊಟ್ಟಿ ಮಾರುತ್ತೇನೆ. ಪಕ್ಕದಲ್ಲಿ ಚಹಾದ ಮೌಲಾಸಾಬ. ಇವನು ಗಾಡಿ ತಂದು ನಮ್ಮ ಮುಂದೆ ನಿಲ್ಲಿಸುತ್ತಿದ್ದ, ಇಳಿಯುತ್ತಿರಲಿಲ್ಲ. ಖಾಕಿಯಂಥ ಬಣ್ಣದ ಅಂಗಿ, ಕುರಿ ಬೋಳಿಸಿದ ಹಾಗೆ ಕತ್ತರಿಸಿದ ಕೂದಲು, ಕಿಟಕಿಯ ಮೇಲೆ ಮೊಣಕೈ. ಕುಂಯ್ ಎಂದು ಒಂದು ಸಲ ಅನ್ನಿಸುತ್ತಿದ್ದ.

“ದೊಡ್ಡವ್ವ, ರೊಟ್ಟಿ ಕಟ್ಟು. ಇಲ್ಲೇ ಗಾಡಿಗೆ ತಂದು ಕೊಡು.”

“ಕಾಲು ಬಿದ್ದಾವೇನಲೇ? ಇಳಿದು ಬಾ.”

“ಡ್ಯೂಟಿ ಮ್ಯಾಲ ಅದೀನಿ, ದೊಡ್ಡವ್ವ.”

“ಯಾವ ಡ್ಯೂಟಿ? ಯಾರು ಹಚ್ಯಾರ ನಿನ್ನ ಡ್ಯೂಟಿಗೆ?”

ಮೌಲಾಸಾಬ ಚಹಾ ಸೋಸುತ್ತಲೇ ಅಂದ, “ಬಿಡ್ರಿ ಅಮ್ಮಾ, ದೀಪಕ್ಕ ಡ್ಯೂಟಿ ಬಿದ್ದೈತಿ, ಪಾಪ ಇವ್ರು ಅದರ ಡ್ರೈವರು.”

ಸುತ್ತ ನಿಂತವರು ನಕ್ಕರು. ನಕ್ಕದ್ದು ನಕ್ಕರು, ಆಮೇಲೆ ಅದೇ ಮೌಲಾಸಾಬ ಚಹಾದ ಗ್ಲಾಸು ಹಿಡಿದು ಗಾಡಿಯ ತನಕ ಹೋಗಿ ಕಿಟಕಿಯಲ್ಲಿ ಕೊಟ್ಟು ಬಂದ.

“ಈಗಷ್ಟ ನಗಾಕತ್ತಿದ್ದಿ. ಯಾಕ ಒಯ್ದು ಕೊಟ್ಟಿ?” ಎಂದು ಕೇಳಿದೆ.

“ಖಾಲಿಪೀಲಿ ತಂಟೆ ಯಾಕಮ್ಮ? ದೀಪ ತಿರಗಾಕತ್ತೈತಿ. ಎದರಿಗಿ ಅಂಗಡಿ ಇಟಗೊಂಡು ಕುಂತೀನಿ,” ಎಂದ.

ಇದೇ ನನಗೆ ಹೇಸಿಗೆ ಬರಿಸುವುದು. ಅವನು ಸುಳ್ಳು ಎಂದು ಎಲ್ಲರಿಗೂ ಗೊತ್ತು. ದೀಪ ಸಿಂಧನೂರಿನ ಅಂಗಡಿಯದು ಎಂದೂ ಗೊತ್ತು. ಆದರೂ ಅದು ತಿರುಗತೊಡಗಿದರೆ ಕೈ ತಾನಾಗಿ ಮೇಲೇಳುತ್ತಿತ್ತು. ಅವನಿಗೂ ಇದು ಚೆನ್ನಾಗಿ ಗೊತ್ತಿತ್ತು. “ಮನಷ್ಯಾ ಬಂದ್ರ ಯಾರೂ ನೋಡಂಗಿಲ್ಲ ದೊಡ್ಡವ್ವ, ದೀಪ ಬಂದ್ರ ನೋಡತಾರ,” ಎನ್ನುತ್ತಿದ್ದ. ಹೆಮ್ಮೆಯಿಂದ ಎನ್ನುತ್ತಿದ್ದ.

ಸುಗ್ಗಿಯಲ್ಲಿ ಸಿಂಧನೂರು ರಸ್ತೆಯ ಉದ್ದಕ್ಕೂ ಡಾಂಬರಿನ ಮೇಲೆ ಭತ್ತ ಹರವಿರುತ್ತಾರೆ. ಬಸ್ಸು, ಲಾರಿಯವರು ಪಕ್ಕಕ್ಕೆ ಸರಿದು ಹೋಗುತ್ತಾರೆ. ಇವನು ದೀಪ ಹಚ್ಚಿಕೊಂಡು ಬಂದರೆ ಹೆಂಗಸರು ಪೊರಕೆ, ಹಲಿಗೆ ಹಿಡಿದು ಎದ್ದುಬಿದ್ದು ಭತ್ತ ಎಳೆಯುತ್ತಿದ್ದರು. ಅವರು ಪೂರ್ತಿ ಎಳೆದು ಮುಗಿಸುವವರೆಗೂ ಅವನು ಕಾಯುತ್ತಿರಲಿಲ್ಲ. ಅರ್ಧ ಭತ್ತದ ಮೇಲೆ ಹಾಯಿಸಿಕೊಂಡು ಹೋಗುತ್ತಿದ್ದ. ಎಲ್ಲಿಗೆ? ಕ್ಷೌರಕ್ಕೆ.

ಗೊರೇಬಾಳದಲ್ಲಿ ನನ್ನ ತಂಗಿಯ ಮೊಮ್ಮಗಳ ಮದುವೆ. ಬೀಗರು ಹಟ ಹಿಡಿದರು, ದಿಬ್ಬಣದ ಮುಂದೆ ದೀಪದ ಗಾಡಿ ಬೇಕೇ ಬೇಕೆಂದು. ಇವನನ್ನು ಕರೆಸಿದರು. ಗಾಡಿ ಬಂತು. ಮುತ್ತೈದೆಯರು ಆರತಿ ತಟ್ಟೆ ಹಿಡಿದು ಬಂದರು. ಮದುಮಗ ಇನ್ನೂ ಒಳಗೆ ಪ್ಯಾಂಟು ಸರಿ ಮಾಡಿಕೊಳ್ಳುತ್ತ ಕೂತಿದ್ದ. ಕಾಯುವುದು ಯಾಕೆ ಎಂದು ಮೊದಲು ಗಾಡಿಗೆ ಆರತಿ ಎತ್ತಿಬಿಟ್ಟರು. ಬಾನೆಟ್ಟಿಗೆ ಕುಂಕುಮ ಹಚ್ಚಿದರು. ಇವನು ಒಳಗೆ ಕೂತು ತಲೆ ಬಾಗಿಸಿ ಆ ಆರತಿ ತೆಗೆದುಕೊಂಡ. ನಾನು ಅಕ್ಕಿ ಕಾಳು ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ.

ಇಷ್ಟೇ ಆಗಿದ್ದರೆ ನಾನು ಬರೆಸುತ್ತಿರಲಿಲ್ಲ. ಹುಚ್ಚು ಯಾರಿಗೆ ಇರುವುದಿಲ್ಲ ಎಂದು ಬಿಡುತ್ತಿದ್ದೆ. ನೀರಿನ ಮಾತು ಬಂತು.

ನಮ್ಮದು ಕಾಲುವೆಯ ನೀರು ಮುಟ್ಟುವ ಕೊನೆಯ ಊರು. ಮುಂದೆ ಕಾಲುವೆಯೇ ಇಲ್ಲ. ಮೇಲಿನ ಊರುಗಳವರು ಕುಡಿದು ಬಿಟ್ಟದ್ದು ನಮಗೆ. ಕಾಲುವೆಯೊಳಗೆ ಮೋಟಾರಿನ ಪೈಪು ಇಳಿಬಿಟ್ಟು ನೀರು ಎತ್ತಬಾರದು ಎಂದು ಹುಕುಂ ಇದೆ, ಎಲ್ಲರೂ ಎತ್ತುತ್ತಾರೆ. ಭತ್ತ ಹೊಡೆ ಬಿಟ್ಟು ತೆನೆ ಕಟ್ಟುವ ಹೊತ್ತಿಗೆ ಸಾಹೇಬರ ಗಾಡಿ, ಪೊಲೀಸರ ಗಾಡಿ ದಂಡೆಯ ಮೇಲೆ ತಿರುಗುತ್ತವೆ. ದೂರದಲ್ಲಿ ದೀಪ ಕಂಡರೆ ಸಾಕು, ಮೊದಲು ಕಂಡವನು ಮೇಲಿನವನಿಗೆ ಫೋನು ಹಚ್ಚುತ್ತಾನೆ. ‘ಗಾಡಿ ಬಂತು’, ಅಷ್ಟೇ ಮಾತು. ಅವನು ತನ್ನ ಮೇಲಿನವನಿಗೆ. ಹೀಗೆ ಸುದ್ದಿ ಗಾಡಿಗಿಂತ ಮುಂದೆ ಓಡುತ್ತದೆ. ಎಲ್ಲರೂ ಪೈಪು ಎಳೆದು ಜಾಲಿಗಿಡದೊಳಗೆ ಮುಚ್ಚಿಡುತ್ತಾರೆ. ಗಾಡಿ ಹೋಯಿತು ಅಂದರೆ ಮತ್ತೆ ಇಳಿಬಿಡುತ್ತಾರೆ. ಪೈಪು ಮೇಲಿದ್ದಷ್ಟು ಹೊತ್ತು ಮಾತ್ರ ನಮ್ಮ ಕಡೆ ನೀರು ಬರುತ್ತದೆ.

ಸಾಹೇಬರ ಗಾಡಿ ಹೊಡೆದವನಿಗೆ ಈ ಆಟ ಗೊತ್ತಿತ್ತು. ಒಂದು ವರ್ಷ ನೀರು ನಮಗೆ ಬರಲೇ ಇಲ್ಲ. ಆಗ ನನ್ನ ತಮ್ಮ ಶರಣಪ್ಪನೂ ಊರಿನ ನಾಕು ಹಿರಿಯರೂ ಹೋಗಿ ಇವನ ಮುಂದೆ ನಿಂತರು. ಇವನ ಹೊಲವೂ ಆಗ ನಮ್ಮ ಪಕ್ಕದಲ್ಲೇ ಒಣಗುತ್ತಿತ್ತು. ಇವನು ದೀಪ ಹಚ್ಚಿಕೊಂಡು, ಪೀಪಿ ಊದಿಸಿಕೊಂಡು ದಂಡೆಯ ಮೇಲೆ ಮೇಲಕ್ಕೆ ಹೋದ. ಪೈಪುಗಳೆಲ್ಲ ಮೇಲೆದ್ದವು. ಸಂಜೆಗೆ ನೀರು ಬಂತು. ನನ್ನ ಗದ್ದೆಗೂ ಬಂತು. ನಮ್ಮ ಪಾಲಿನ ನೀರು ಅದು, ನಾನೇಕೆ ಬೇಡ ಎನ್ನಲಿ. ಆದರೆ ಮರುದಿನ ಗಾಡಿಗೆ ಬಾಳೆಕಂಬ ಕಟ್ಟಿ ಹಾರ ಹಾಕಿದ್ದನ್ನು ನೋಡಿ ಶರಣಪ್ಪನಿಗೆ ಅಂದೆ,

“ಕಳ್ಳರನ್ನ ಓಡಸಾಕ ಸುಳ್ಳ ಪೊಲೀಸಗ ಹಾರ ಹಾಕೀರಿ. ನಾಳೆ ಅವ ನಿಮ್ಮ ಕಡೆ ತಿರುಗಿದ್ರ?”

“ಅವ ನಮ್ಮವ ಅಲ್ಲೇನಕ್ಕ?” ಎಂದ.

ಮುಂದಿನ ವರ್ಷವೇ ತಿರುಗಿದ. ಹೆಂಡತಿಯ ತವರಿನವರು ಮಗಳಿಗೆಂದು ಗದ್ದೆ ಬಿಟ್ಟುಕೊಟ್ಟರು. ಆ ಗದ್ದೆ ಇದ್ದದ್ದು ನಮ್ಮ ಊರಿಗೆ ನೀರು ಬಿಡುವ ಗೇಟಿನ ಮೇಲ್ಭಾಗದಲ್ಲಿ. ಗೇಟು ಮುಚ್ಚಿದರೆ ಕಾಲುವೆಯಲ್ಲಿ ನೀರು ಏರಿ ಆ ಗದ್ದೆಯ ತೂಬು ತುಂಬಿ ಹರಿಯುತ್ತದೆ, ಕೆಳಗೆ ನಾವು ಒಣಗುತ್ತೇವೆ. ತಿಳಿಯಲು ಬಹಳ ಬುದ್ಧಿ ಬೇಕಿಲ್ಲ.

ಭತ್ತ ಹೊಡೆ ಬಿಟ್ಟಿತ್ತು. ಆಗ ಒಂದು ನೀರು ತಪ್ಪಿದರೆ ತೆನೆ ಬರುತ್ತದೆ, ಒಳಗೆ ಕಾಳು ಇರುವುದಿಲ್ಲ. ಮರಿಗಾಲುವೆ ಒಮ್ಮೆಲೇ ಬತ್ತಿತು. ನಮ್ಮವರು ಸಲಿಕೆ ಹಿಡಿದು ಗೇಟಿನ ಕಡೆ ಹೊರಟರು. ದೂರದಿಂದಲೇ ಕಂಡಿತು, ದಂಡೆಯ ಮೇಲೆ ಗೇಟಿನ ಪಕ್ಕದಲ್ಲಿ ಕೆಂಪು ನೀಲಿ, ಕೆಂಪು ನೀಲಿ. ಗಂಡಸರೆಲ್ಲ ದಾರಿಯ ಬೇವಿನ ಗಿಡದ ಕೆಳಗೇ ನಿಂತರು. ಈ ಸಲ ನಿಜವಾದ ಪೊಲೀಸರನ್ನೇ ಹಾಕಿದ್ದಾರೆ ಎಂದರು. ಕಾಲುವೆಯ ಮೇಲೆ ಗುಂಪು ಕೂಡಿದರೆ ಕೇಸು ಹಾಕುತ್ತಾರೆ ಎಂದು ಯಾರೋ ಅಂದರು. ಆ ಮಾತು ಎಲ್ಲಿಂದ ಬಂತು ಎಂದು ಆಮೇಲೆ ಕೇಳಿದರೆ, ಹಿಂದಿನ ದಿನ ಇವನೇ ಕಟ್ಟೆಯ ಮೇಲೆ ಕೂತು ಹೇಳಿದ್ದನಂತೆ.

ತಿರುಗಿ ಬಂದರು. ಮರುದಿನ ಮತ್ತೆ ಹೋಗಿ ಅದೇ ಬೇವಿನ ಗಿಡದ ತನಕ ನಡೆದು, ದೀಪ ನೋಡಿ, ತಿರುಗಿ ಬಂದರು. ಅದರ ಮರುದಿನವೂ ಅಷ್ಟೇ.

“ಅದು ಅವನ ದೀಪ ಇದ್ದಂಗ ಐತಲ್ಲೋ,” ಎಂದೆ ಶರಣಪ್ಪನಿಗೆ.

“ಇರಬಹುದಕ್ಕ. ಇರಲಿಕ್ಕಿಲ್ಲ. ಖರೇ ಪೊಲೀಸರು ಇದ್ರ ಏನು ಮಾಡ್ತಿ?”

“ಹೋಗಿ ನೋಡಬೇಕಪ್ಪ.”

“ನೋಡಾಕ ಹೋಗಿ ಒಳಗ ಹಾಕಿಸ್ಕೊಳ್ಳನೇನು? ನಿನಗೇನು, ನೀ ಹೆಣ್ಮಗಳು.”

ಮೀಸೆ ತಿರುವಿಕೊಂಡು ಹೇಳಿದ ಇದನ್ನು.

ಮರುದಿನ ಬೆಳಗಾಗುತ್ತಲೇ ನಾನು ಹೋದೆ. ಧೈರ್ಯ ಗೀರ್ಯ ಏನೂ ಅಲ್ಲ. ಪೊಲೀಸರು ದಂಡೆಯ ಮೇಲೆ ಇದ್ದರೆ ಅವರಿಗೆ ಉಣ್ಣಲು ಬೇಕಾಗುತ್ತದೆ. ಹಿಂದೆ ಒಮ್ಮೆ ಬಂದವರು ನನ್ನ ಹತ್ತಿರವೇ ರೊಟ್ಟಿ ತೆಗೆದುಕೊಂಡಿದ್ದರು. ಮಸ್ಕಿಗೆ ಒಯ್ಯುವುದನ್ನು ಇಲ್ಲೇ ಮಾರಿದರೆ ಬಸ್ಸಿಗೆ ಕಾಯುವುದು ತಪ್ಪುತ್ತದೆ ಎಂದುಕೊಂಡು ಬುಟ್ಟಿ ಹೊತ್ತು ನಡೆದೆ.

ಹತ್ತಿರ ಹೋಗಿ ನೋಡಿದರೆ ಅವನದೇ ಜೀಪು. ಒಳಗೆ ಯಾರೂ ಇರಲಿಲ್ಲ. ಬಾಗಿಲ ಮೇಲೆ ಲುಂಗಿ ಒಣಗಲು ಹಾಕಿತ್ತು. ಹಿಂದಿನ ಸೀಟಿನಲ್ಲಿ ಸೊಳ್ಳೆ ಪರದೆ, ಒಂದು ದಿಂಬು, ಒಂದು ಲಾಠಿ. ಲಾಠಿಯ ಪಕ್ಕದಲ್ಲಿ ಗೇಟು ತಿರುಗಿಸುವ ಕಬ್ಬಿಣದ ಹಿಡಿ. ಗೇಟು ಕಾಯುವವನಿಗೆ ‘ಮ್ಯಾಲಿಂದ ಆರ್ಡರ್ ಐತಿ’ ಎಂದು ಹೇಳಿ ಇಸಿದುಕೊಂಡಿದ್ದನಂತೆ. ಅವನೂ ದೀಪ ನೋಡಿ ಕೊಟ್ಟು ಮನೆಗೆ ಹೋಗಿ ಮಲಗಿದ್ದ. ಮೇಲೆ ದೀಪ ತನ್ನ ಪಾಡಿಗೆ ತಾನು ಮಿನುಗುತ್ತಿತ್ತು. ಒಂದು ಊರಿಗೆ ಊರೇ, ಮೀಸೆ ಹೊತ್ತ ಗಂಡಸರೆಲ್ಲ, ಒಣಗಲು ಹಾಕಿದ ಲುಂಗಿಗೆ ಅಂಜಿ ದಿನಾ ತಿರುಗಿ ಹೋಗಿದ್ದರು. ಆ ಕಡೆ ಅವನ ಗದ್ದೆಯಲ್ಲಿ ನೀರು ಬದು ಮುಟ್ಟಿ ನಿಂತು ಹೊಳೆಯುತ್ತಿತ್ತು.

ದೂರದ ಬೇವಿನ ಗಿಡದ ಕೆಳಗೆ ನಮ್ಮವರು ಅವತ್ತೂ ಬಂದು ನಿಂತಿದ್ದರು. ಬರ್ರಿ ಎಂದು ಕೈ ಬೀಸಿದೆ. ಯಾರೂ ಅಲ್ಲಾಡಲಿಲ್ಲ. ಕೂಗಿದೆ. ಅಲ್ಲಾಡಲಿಲ್ಲ. ರೊಟ್ಟಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೆಳಗಿಟ್ಟೆ. ಗಾಡಿಯ ಮೆಟ್ಟಿಲು ಹತ್ತಿ ಖಾಲಿ ಬುಟ್ಟಿಯನ್ನು ಆ ದೀಪದ ಮೇಲೆ ಬೋರಲು ಹಾಕಿದೆ. ಬುಟ್ಟಿ ದೊಡ್ಡದು, ಸಗಣಿ ಬಳಿದದ್ದು. ಒಂದು ಹನಿ ಬೆಳಕೂ ಹೊರಗೆ ಬರಲಿಲ್ಲ. ಆಗ ಅವರಿಗೆ ಕಾಲು ಬಂದವು. ಒಬ್ಬನ ಹಿಂದೆ ಒಬ್ಬ ಬಂದರು. ಬಂದವರು ಮೊದಲು ಮಾಡಿದ್ದೇನು ಅಂದರೆ ಗಾಡಿಯೊಳಗೆ ಇಣುಕಿ ನೋಡಿದ್ದು, ಯಾರಾದರೂ ಅವಿತು ಕೂತಿದ್ದಾರೋ ಎಂದು.

ಕಬ್ಬಿಣದ ಹಿಡಿ ತೆಗೆದು ಶರಣಪ್ಪನ ಕೈಗೆ ಕೊಟ್ಟೆ. “ತಿರುಗಸು,” ಎಂದೆ.

ಅಷ್ಟರಲ್ಲಿ ಜಾಲಿಗಿಡದ ಮರೆಯಿಂದ ಅವನು ಬಂದ. ಬೆಳಗಿನ ಕೆಲಸಕ್ಕೆ ಹೋಗಿದ್ದ. ಕೈಯಲ್ಲಿ ನೀರಿನ ಬಾಟಲಿ, ಸೊಂಟಕ್ಕೆ ಟವೆಲು.

“ಯಾರು ಅದು ಬುಟ್ಟಿ ಮುಚ್ಚಿದವರು?”

“ನಾನಲೇ.”

“ದೊಡ್ಡವ್ವ, ತಗಿ ಅದನ್ನ. ಸರ್ಕಾರಿ ದೀಪ ಅದು. ಕೇಸ್ ಆಕ್ಕೈತಿ.”

“ಸಿಂಧನೂರಾಗ ನೀ ಕೊಂಡು ತಂದಿದ್ದು ಸರ್ಕಾರದ್ದು ಯಾವಾಗ ಆತು? ಮೊದಲು ಕೈ ತೊಳಕೊಂಡು ಬಾ. ಆಮ್ಯಾಲ ಕೇಸ್ ಹಾಕು.”

“ನಾ ನಿಮ್ಮ ನೀರು ಕಾಯಾಕ ನಿಂತೀನಿ. ಮ್ಯಾಲಿನವ್ರು ಬಂದು ಗೇಟ್ ಒಡೀತಾರಂತ ಸುದ್ದಿ ಇತ್ತು.”

“ಕಾದಿ, ಕಾದಿ. ಕಾದು ಕಾದು ನಿನ್ನ ಗದ್ಯಾಗ ತುಂಬಸೀದಿ.”

ಅವನು ನನ್ನ ಮುಖ ನೋಡಲಿಲ್ಲ. ಶರಣಪ್ಪನ ಕಡೆ ತಿರುಗಿದ. “ಏನೋ ಮಾವ, ನೀನೂ ಹಿಂಗ ತಿಳಕೊಂಡಿಯೇನು?” ಎಂದ. ನನ್ನ ತಮ್ಮ ಹಿಡಿ ತಿರುಗಿಸುವುದನ್ನು ನಿಲ್ಲಿಸಿದ. ಎಷ್ಟೋ ಮಂದಿ ಇದ್ದರು ಅಲ್ಲಿ. ಸೊಂಟಕ್ಕೆ ಟವೆಲು ಸುತ್ತಿಕೊಂಡ ಒಬ್ಬನ ಮುಂದೆ ಎಲ್ಲರೂ ನೆಲ ನೋಡಿದರು. ನಾನೇ ಹೋಗಿ ಹಿಡಿಗೆ ಕೈ ಹಾಕಿದೆ. ನನ್ನಿಂದ ತಿರುಗಲಿಲ್ಲ, ಬಿಗಿಯಿತ್ತು. ಆಗ ಶರಣಪ್ಪ ನಾಚಿಕೆಯಾಗಿ ಕೈ ಜೋಡಿಸಿದ. ಗೇಟು ಎದ್ದಿತು.

ನೀರು ಬಂತು, ತಡವಾಗಿ ಬಂತು. ಕೊಯ್ಲಿನಲ್ಲಿ ನನ್ನ ತೆನೆ ನೆಟ್ಟಗೆ ನಿಂತಿದ್ದವು. ಕಾಳು ತುಂಬಿದ ತೆನೆ ಬಾಗುತ್ತದೆ. ನನ್ನವು ಬಾಗಲಿಲ್ಲ. ಕೈಯಲ್ಲಿ ತಿಕ್ಕಿ ಊದಿದರೆ ಹೊಟ್ಟು ಹಾರಿ ಅಂಗೈ ಖಾಲಿ. ಅದನ್ನು ದನಕ್ಕೆ ಕೊಯ್ದು ಹಾಕಿದೆ.

ಹಿರಿಯರು ಕಟ್ಟೆಯ ಮೇಲೆ ಪಂಚಾಯ್ತಿ ಕೂಡಿಸಿದರು. ಅವನನ್ನು ಕೇಳಬೇಕು ಎಂದು. ಅವನು ಹಗಲೊತ್ತಿನಲ್ಲಿ ದೀಪ ಹಚ್ಚಿಕೊಂಡು ಬಂದ. ಕಟ್ಟೆಯ ಮೇಲಿನವರು ಎದ್ದು ನಿಂತರು. ಅವನನ್ನು ಕೇಳಲು ಕೂತವರು ಅವನಿಗೇ ಎದ್ದು ನಿಂತರು. ಕುರ್ಚಿ ಬಂತು, ಚಹಾ ಬಂತು. ಚಹಾ ತಂದವನು ನನ್ನ ತಮ್ಮ. ದೀಪದವನು ಮತ್ತೆ ಅದನ್ನೇ ಹೇಳಿದ, ನಿಮ್ಮ ನೀರು ಕಾಯಲು ನಿಂತಿದ್ದೆ ಎಂದು. ಹಿರಿಯರು ತಲೆ ಅಲ್ಲಾಡಿಸಿದರು. ದೊಡ್ಡವ್ವ ಮುದುಕಿ, ಅವಸರದವಳು ಎಂದು ಮಾತು ಮುಗಿಸಿದರು.

ಮನೆಗೆ ಬಂದು ಶರಣಪ್ಪನನ್ನು ಕೇಳಿದೆ, “ನಾಚಿಕಿ ಬರಂಗಿಲ್ಲೇನೋ?”

“ಅಕ್ಕ, ಮುಂದಿನ ವರ್ಷ ಮ್ಯಾಲಿನವರ ಪೈಪ್ ಯಾರು ತಗಸಬೇಕು? ನೀ ಬುಟ್ಟಿ ಹೊತಗೊಂಡು ಹೋಗ್ತಿಯೇನು?”

ಅವನ ಕೈಯಲ್ಲಿದ್ದ ರೊಟ್ಟಿ ಕಸಿದುಕೊಳ್ಳಬೇಕು ಅನ್ನಿಸಿತು. ಕಸಿದುಕೊಳ್ಳಲಿಲ್ಲ.

ಆಮೇಲೆ ಅವನು ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸುವುದನ್ನು ಬಿಟ್ಟ. ಎದುರಾದರೆ ಕುಂಯ್ ಅನ್ನಿಸಿ ಹೋಗುತ್ತಿದ್ದ, ಬೇಕೆಂದೇ. ಒಂದು ಸಂಜೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಅವನ ಹೆಂಡತಿ ಬಂದು ಕೂತಳು.

“ಅತ್ತಿ, ಒಂದು ಹೇಳ್ಲಿ? ಗಾಡಿ ಅಂಗಳದಾಗ ನಿಲ್ಲಿಸಿದ ಮ್ಯಾಲೂ ಒಳಗ ಬರಂಗಿಲ್ಲ. ದೀಪ ಹಚ್ಚಿ ಗ್ವಾಡಿ ಮ್ಯಾಲಿನ ಬೆಳಕ ನೋಡಕೋಂತ ಕುಂದುರತಾರ. ಅನ್ನ ಆರಿ ಹೋಗ್ತೈತಿ.”

“ಕರಿಯಾಕ ಬರಂಗಿಲ್ಲೇನು?”

“ಕರೀತೀನಿ. ಮಕ್ಕಳೂ ಕರೀತಾವ. ನಾವು ಕರದ್ರ ಓ ಅನ್ನಂಗಿಲ್ಲ ಅತ್ತಿ.”

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೈಗೆ ಎರಡು ರೊಟ್ಟಿ ಕೊಟ್ಟು ಕಳಿಸಿದೆ.

ಹೋದ ಬೆಳೆಯಲ್ಲಿ ಮತ್ತೆ ಅದೇ ಕಥೆ. ಭತ್ತ ಹೊಡೆ ಬಿಟ್ಟಿತು, ಮೇಲಿನವರು ಪೈಪು ಇಳಿಬಿಟ್ಟರು, ನಮ್ಮ ಮರಿಗಾಲುವೆಯಲ್ಲಿ ಕಪ್ಪೆ ಒಣಗಿದವು. ಈ ಸಲ ಮೇಲಿನವರು ಎಷ್ಟು ಎತ್ತಿದ್ದರೆಂದರೆ ಅವನ ಗದ್ದೆಯ ತೂಬಿಗೂ ನೀರು ಏರಿರಲಿಲ್ಲ. ಹಿರಿಯರು ಅವನ ಹತ್ತಿರ ಹೋಗಿ ಕೈ ಮುಗಿದರು. ನಾಳೆ ಹೊರಡುತ್ತೇನೆ ಎಂದನಂತೆ. ನಾಳೆ ಆಗುವ ಮೊದಲೇ ಎದೆ ಹಿಡಿದುಕೊಂಡು ಕೂತ. ಹೆಂಡತಿಯ ಅಣ್ಣ ಅದೇ ಗಾಡಿಯಲ್ಲಿ ಹಾಕಿಕೊಂಡು ದೀಪ ಹಚ್ಚಿ, ಪೀಪಿ ಊದಿಸಿಕೊಂಡು ಲಿಂಗಸುಗೂರಿಗೆ ಓಡಿಸಿದ. ದಾರಿಯಲ್ಲಿ ಎಲ್ಲರೂ ಸರಿದು ಹಾದಿ ಬಿಟ್ಟರಂತೆ. ಲಾರಿಯವರು ಬಿಟ್ಟರು, ಬಸ್ಸಿನವರು ಬಿಟ್ಟರು, ಕುರಿ ಕಾಯುವವರು ಕುರಿ ಎಳೆದುಕೊಂಡು ಬಿಟ್ಟರು. ಇಷ್ಟು ಬೇಗ ಯಾರೂ ಆ ಆಸ್ಪತ್ರೆ ಮುಟ್ಟಿರಲಿಕ್ಕಿಲ್ಲ. ಡಾಕ್ಟರು ಕೈ ಹಿಡಿದು ನೋಡಿ, ಮನೆಗೆ ಒಯ್ಯಿರಿ ಎಂದರು.

ಊರಿಗೆ ಸುದ್ದಿ ಬಂದಾಗ ಶರಣಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಅಳುತ್ತಾನೆ ಅಂದುಕೊಂಡೆ.

“ಇವ ಈಗಾ ಸಾಯಬೇಕಿತ್ತೇನಕ್ಕ? ಒಂದ ವಾರ ತಡೀಬಾರದಿತ್ತೇನು?” ಎಂದ.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಒಯ್ಯುತ್ತೇವೆ. ಅವನನ್ನು ಅವನ ಗಾಡಿಯಲ್ಲೇ ಕೂರಿಸಬೇಕು ಎಂದು ಹೆಂಡತಿಯ ಅಣ್ಣಂದಿರು ಹಟ ಹಿಡಿದರು. ಕೂರಿಸಿದರು. ಹಣೆಗೆ ವಿಭೂತಿ, ತಲೆಗೆ ರುಮಾಲು, ಗದ್ದಕ್ಕೆ ಬಟ್ಟೆ ಕಟ್ಟಿ ಹಿಂದಕ್ಕೆ ಆನಿಸಿದ್ದರು. ಮೊಣಕೈ ಕಿಟಕಿಯ ಮೇಲೆ ಬಂದಿತ್ತು. ಯಾರು ಇಟ್ಟರೋ, ತಾನೇ ಬಂತೋ. ಮೇಲೆ ದೀಪ ಹಚ್ಚಿದರು. ಪೀಪಿ ಊದಿಸಬೇಕೋ ಬೇಡವೋ ಎಂದು ಅಲ್ಲಿಯೇ ವ್ಯಾಜ್ಯ ಹತ್ತಿತು. ಭಜನೆಯವರು ತಾಳ ಕೆಳಗಿಟ್ಟು, “ಅದು ಒದರಿದ್ರ ನಮ್ಮ ಪದ ಯಾರಿಗೆ ಕೇಳ್ಬೇಕ್ರಿ? ಅದನ್ನ ಊದಸೂದಿದ್ರ ನಾವು ಮನಿಗೆ ಹೊಕ್ಕೀವಿ,” ಎಂದರು. ಪೀಪಿ ಬಂದಾಯಿತು. ದೀಪ ಮಾತ್ರ ಉಳಿಯಿತು.

ಮಣ್ಣು ಮಾಡಲು ತೆಗೆದ ಕುಣಿ ಇದ್ದದ್ದು ಆ ಗೇಟಿನ ಮೇಲಿನ ಗದ್ದೆಯಲ್ಲಿ. ದಂಡೆಯ ಮೇಲೆ ಗಾಡಿ ಮುಂದೆ, ಭಜನೆ ಹಿಂದೆ, ಅದರ ಹಿಂದೆ ನಾವು. ನಾನೂ ಹೋಗಿದ್ದೆ. ಹೋಗದಿದ್ದರೆ ಅವನ ಹೆಂಡತಿಯ ಮುಖ ನೋಡಲು ಆಗುತ್ತಿರಲಿಲ್ಲ. ಗೇಟು ದಾಟಿ ಇನ್ನೂ ಸ್ವಲ್ಪ ಮೇಲಕ್ಕೆ ಹೋದಾಗ ದೂರದಲ್ಲಿ ಇಬ್ಬರು ದಂಡೆಯಿಂದ ಏನನ್ನೋ ಎಳೆದುಕೊಂಡು ಜಾಲಿಗಿಡದೊಳಗೆ ಓಡಿದ್ದು ಕಂಡಿತು. ಕಣ್ಣು ಕಿರಿದು ಮಾಡಿ ನೋಡಿದೆ. ಪೈಪು. ಅವರ ಮೇಲೆ ಇನ್ನೊಬ್ಬ, ಫೋನು ಕಿವಿಗೆ ಹಿಡಿದುಕೊಂಡೇ ಪೈಪು ಎಳೆಯುತ್ತಿದ್ದ. ಅವನು ಏನು ಹೇಳುತ್ತಿದ್ದ ಎಂದು ನನಗೆ ಕೇಳಿಸಬೇಕಾಗಿರಲಿಲ್ಲ.

ಗಾಡಿ ಬಂತು.

ಕುಣಿಗೆ ಇಳಿಸಿ, ಮಂತ್ರ ಹೇಳಿ, ಎಲ್ಲರೂ ಹಿಡಿ ಮಣ್ಣು ಹಾಕುವಷ್ಟರಲ್ಲಿ ಹೊತ್ತು ವಾಲಿತು. ಅಷ್ಟು ಹೊತ್ತೂ ಖಾಲಿ ಗಾಡಿ ದಂಡೆಯ ಮೇಲೆ ನಿಂತಿತ್ತು. ದೀಪ ಆರಿಸುವುದು ಯಾರಿಗೂ ನೆನಪಾಗಲಿಲ್ಲ. ಮೇಲಿನವರು ಯಾರೂ ಪೈಪು ಇಳಿಬಿಡಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ ಗದ್ದೆಗೆ ಹೋದೆ. ಸಂಜೆಯ ಹೊತ್ತು. ಮರಿಗಾಲುವೆಯಲ್ಲಿ ಮೊದಲು ಕಸ ಬಂತು, ಕಡ್ಡಿ, ಒಣ ಎಲೆ, ಪ್ಲಾಸ್ಟಿಕ್ಕು. ಅದರ ಹಿಂದೆ ನೀರು. ಶರಣಪ್ಪ ಬದುವಿನ ಮೇಲೆ ಓಡಿಬಂದ. ಕಣ್ಣಲ್ಲಿ ನೀರು ತಂದುಕೊಂಡಿದ್ದ, ಮಣ್ಣಿನ ಹೊತ್ತಿನಲ್ಲಿ ಬಾರದ್ದು.

“ನೋಡಕ್ಕ, ಸತ್ತರೂ ನೀರು ತಂದ. ನೀ ಸುಮ್ನ ಅವನ್ನ ಬೈತಿದ್ದಿ.”

ಒಳಗೆ ಕೂತವನು ಹೆಣ ಎಂದು ಮೇಲಿನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಎಳೆಯುತ್ತಿದ್ದರು. ನಮ್ಮವರಾದರೂ ಅಷ್ಟೇ.

ಬಾಯಲ್ಲಿದ್ದ ಎಲೆಯಡಿಕೆಯನ್ನು ದಂಡೆಯ ಕಡೆ ತಿರುಗಿ ಉಗಿದೆ. ಆಮೇಲೆ ಶರಣಪ್ಪನ ಕೈಯಿಂದ ಸಲಿಕೆ ಇಸಿದುಕೊಂಡು ನನ್ನ ಗದ್ದೆಯ ಮಡಿಯ ಬಾಯಿ ಕಡಿದು ನೀರು ಒಳಗೆ ಬಿಟ್ಟುಕೊಂಡೆ.